ಪೈಪಿನ ಎರಡು ತುದಿ: ಪ್ರೋಗ್ರಾಮುಗಳ ಮಾತುಕತೆಯ ಆರು ದಶಕ

ರಾಣೆಬೆನ್ನೂರಿನ ಎಸ್‌ಟಿಜೆ ತಾಂತ್ರಿಕ ಮಹಾವಿದ್ಯಾಲಯ ಮತ್ತು ಹಾವೇರಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಎರಡೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದವು. ವಿಟಿಯುವಿನ 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್‌ನ ಐದನೇ ಸೆಮಿಸ್ಟರಿಗೆ ‘ಯುನಿಕ್ಸ್ ಪ್ರೋಗ್ರಾಮಿಂಗ್’ ಒಂದು ವಿಷಯವಾಗಿತ್ತು. ಫೋರ್ಕ್, ಎಕ್ಸೆಕ್, ವೇಟ್, ಪೈಪ್, ಪಿಓಪನ್ ಎಲ್ಲವೂ ಅದರಲ್ಲಿದ್ದವು. ಒಂದು ಪ್ರೋಗ್ರಾಮು ಇನ್ನೊಂದನ್ನು ಹೇಗೆ ಹುಟ್ಟುಹಾಕುತ್ತದೆ, ಎರಡೂ ಹೇಗೆ ಮಾತಾಡಿಕೊಳ್ಳುತ್ತವೆ ಎಂಬ ಈ ಪಾಠ ಪರೀಕ್ಷೆ ಮುಗಿದ ಮೇಲೂ ಕೈಬಿಡುವುದಿಲ್ಲ. ಸ್ಕ್ಯಾನ್ ಮಾಡಿದ ಕನ್ನಡ ಪುಟವನ್ನು ಪಠ್ಯವಾಗಿಸಲು ಪೈಥಾನ್ ಪ್ರೋಗ್ರಾಮಿನಿಂದ ಟೆಸೆರಾಕ್ಟ್ ಓಡಿಸುವವರು, ಈ-ಸ್ಪೀಕ್‌ನಿಂದ ಕನ್ನಡ ಓದಿಸುವವರು ದಿನವೂ ಮಾಡುವುದು ಇದನ್ನೇ. ಓಡುತ್ತಿರುವ ಪ್ರೋಗ್ರಾಮೇ ಪ್ರೋಸೆಸ್; ಹುಟ್ಟಿಸುವುದು ‘ಪೇರೆಂಟ್’, ಹುಟ್ಟುವುದು ‘ಚೈಲ್ಡ್’. ಚೈಲ್ಡ್ ಪ್ರೋಸೆಸ್ ಹುಟ್ಟಿಸುವುದು ಎಂದೂ ಕಷ್ಟದ ಕೆಲಸವಾಗಿರಲಿಲ್ಲ. ನಡುವಿನ ಪೈಪಿನ ಯಾವ ತುದಿಯನ್ನು ಯಾರು ಮುಚ್ಚಬೇಕು, ಯಾರು ಯಾರಿಗಾಗಿ ಕಾಯಬೇಕು ಎಂಬುದೇ ಕಷ್ಟ. ಈ ಕ್ಷೇತ್ರದ ಬೆಳವಣಿಗೆಯೆಲ್ಲ ಆ ಹೊಣೆಗಳನ್ನು ಒಂದೊಂದಾಗಿ ಗುರುತಿಸಿದ ಕಥೆ.

ಇಪ್ಪತ್ತೇಳು ಸಾಲಿನ ಫೋರ್ಕ್

ಫೋರ್ಕ್ ಮತ್ತು ಜಾಯಿನ್ ಎಂಬ ಕಲ್ಪನೆಯನ್ನು 1963ರಲ್ಲಿ ಪ್ರಬಂಧವಾಗಿ ಮಂಡಿಸಿದವರು ಮೆಲ್ವಿನ್ ಕಾನ್ವೇ. ಬರ್ಕ್‌ಲಿ ವಿಶ್ವವಿದ್ಯಾಲಯದ ‘ಪ್ರಾಜೆಕ್ಟ್ ಜೀನೀ’ಯಲ್ಲಿ ಅದು ಒಂದು ರೂಪ ಪಡೆಯಿತು. ಅಲ್ಲಿ ಓದಿದ ಕೆನ್ ಥಾಂಪ್ಸನ್ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಕಟ್ಟುವಾಗ ಅದನ್ನು ಸರಳಗೊಳಿಸಿದರು: ಓಡುತ್ತಿರುವ ಪ್ರೋಸೆಸ್‌ನ ಪೂರ್ತಿ ನಕಲು ಮಾಡಿಬಿಡುವುದು. ಪಿಡಿಪಿ-7 ಯಂತ್ರದಲ್ಲಿ ಇದಕ್ಕೆ 27 ಸಾಲು ಅಸೆಂಬ್ಲಿ ಸಾಕಾಯಿತು ಎಂದು ಡೆನಿಸ್ ರಿಚಿ ದಾಖಲಿಸಿದ್ದಾರೆ. ನಕಲಾದ ಪ್ರೋಸೆಸ್ ಎಕ್ಸೆಕ್ ಕರೆದು ಬೇರೆ ಪ್ರೋಗ್ರಾಮಾಗಿ ಬದಲಾಗುತ್ತದೆ. ಈ ಎರಡು ಹೆಜ್ಜೆಗಳ ನಡುವಿನ ಬಿಡುವಿನಲ್ಲೇ ಚೈಲ್ಡ್‌ನ ಇನ್‌ಪುಟ್ ಎಲ್ಲಿಂದ, ಔಟ್‌ಪುಟ್ ಎಲ್ಲಿಗೆ ಎಂದು ನಿಗದಿ ಮಾಡಬಹುದು. ಕಮಾಂಡುಗಳನ್ನು ಓದಿ ಓಡಿಸುವ ಯುನಿಕ್ಸ್ ಶೆಲ್‌ನ ಶಕ್ತಿಯೆಲ್ಲ ಆ ಬಿಡುವಿನಲ್ಲಿದೆ.

ಪ್ರೋಗ್ರಾಮುಗಳನ್ನು ತೋಟದ ನೀರಿನ ಕೊಳವೆಗಳಂತೆ ಒಂದಕ್ಕೊಂದು ಜೋಡಿಸುವಂತಿರಬೇಕು ಎಂದು ಡಗ್ ಮೆಕಿಲ್ರಾಯ್ 1964ರಲ್ಲೇ ಟಿಪ್ಪಣಿ ಬರೆದಿದ್ದರು. ಅದು ಕೈಗೂಡಿದ್ದು 1973ರ ಯುನಿಕ್ಸ್ ಮೂರನೇ ಆವೃತ್ತಿಯಲ್ಲಿ. ಥಾಂಪ್ಸನ್ ಕೂತು ಪೈಪ್ ಬರೆದರು. ಎರಡು ಕಮಾಂಡುಗಳ ನಡುವೆ ನಿಲ್ಲುವ ಲಂಬ ಗೆರೆಯ ಗುರುತು ಸ್ವಲ್ಪ ತಡವಾಗಿ ಬಂತು. 1979ರ ಏಳನೇ ಆವೃತ್ತಿಯ ಪಿಓಪನ್, ಪೈಪ್ ಮಾಡು, ಫೋರ್ಕ್ ಮಾಡು, ಶೆಲ್ ಓಡಿಸು ಎಂಬ ಸರಣಿಯನ್ನು ಒಂದೇ ಕರೆಗೆ ಇಳಿಸಿತು.

ಆ ಅನುಕೂಲದ ಬೆಲೆ ಆಮೇಲೆ ತಿಳಿಯಿತು. ಪಿಓಪನ್ ಕಮಾಂಡನ್ನು ಶೆಲ್ ಕೈಗೆ ಕೊಡುತ್ತದೆ. ಬಳಕೆದಾರರು ತುಂಬಿದ ಹೆಸರನ್ನು ಹಾಗೇ ಕಮಾಂಡಿಗೆ ಸೇರಿಸಿದರೆ, ಅದರೊಳಗೆ ಅಡಗಿದ ಇನ್ನೊಂದು ಕಮಾಂಡನ್ನೂ ಶೆಲ್ ನಂಬಿ ಓಡಿಸುತ್ತದೆ. 2014ರಲ್ಲಿ ಬ್ಯಾಶ್ ಶೆಲ್‌ನ ‘ಶೆಲ್‌ಶಾಕ್’ ದೋಷ ಬಯಲಾದಾಗ, ತಾನು ಶೆಲ್ ಬಳಸುತ್ತಿದ್ದೇನೆ ಎಂಬ ಅರಿವೇ ಇಲ್ಲದೆ ಅದನ್ನು ಬಳಸುತ್ತಿದ್ದ ಎಷ್ಟೋ ಸರ್ವರುಗಳು ಅಪಾಯಕ್ಕೆ ಸಿಕ್ಕವು. ಕಮಾಂಡನ್ನು ಒಂದೇ ಸಾಲಾಗಿ ಕೊಡದೆ ಪದಗಳ ಪಟ್ಟಿಯಾಗಿ ಕೊಡಿ ಎಂಬ ಇಂದಿನ ಕಿವಿಮಾತಿನ ಹಿಂದೆ ಈ ಅನುಭವವಿದೆ.

ತುಂಬಿದ ಪೈಪು, ಮುಚ್ಚದ ತುದಿ

ರಿಚರ್ಡ್ ಸ್ಟೀವನ್ಸ್ ಅವರ 1992ರ ಪುಸ್ತಕ ಇಂದಿಗೂ ಈ ವಿಷಯದ ಆಧಾರ ಗ್ರಂಥ. ಅದರಲ್ಲಿನ ಪೈಪಿನ ಮೊದಲ ಉದಾಹರಣೆಯಲ್ಲಿ ಪೇರೆಂಟ್‌ನಿಂದ ಚೈಲ್ಡ್‌ಗೆ ಹೋಗುವುದು 12 ಬೈಟಿನ ಒಂದು ನಮಸ್ಕಾರ. ಪರಿಚಯಕ್ಕೆ ಅಷ್ಟು ಸಾಕು. ಆದರೆ 12 ಬೈಟಿಗೆ ಯಾವ ಪೈಪೂ ತುಂಬುವುದಿಲ್ಲ, ಯಾವ ಅಕ್ಷರವೂ ತುಂಡಾಗುವುದಿಲ್ಲ. ನಿಜವಾದ ತೊಡಕು ಕಾಣಬೇಕಾದರೆ ಡೇಟಾ ದೊಡ್ಡದಿರಬೇಕು.

ಬ್ಯಾಡಗಿ ಎಪಿಎಂಸಿಗೆ ಹಂಗಾಮಿನಲ್ಲಿ ಒಂದೇ ದಿನ ಲಕ್ಷಕ್ಕೂ ಮಿಕ್ಕಿ ಚೀಲ ಮೆಣಸಿನಕಾಯಿ ಬಂದದ್ದಿದೆ. ಅಂಥ ದಿನಕ್ಕೆ ಹೊಂದುವ ಮಾದರಿ ಕಡತವೊಂದನ್ನು ಮಾಡಿಕೊಳ್ಳೋಣ. ಪ್ರತಿ ಸಾಲಿನಲ್ಲೂ ನಾಲ್ಕಂಕಿಯ ಲಾಟ್ ಸಂಖ್ಯೆ, ತಳಿ, ಚೀಲದ ಲೆಕ್ಕ, ಊರು: ‘1042,ಡಬ್ಬಿ,12,ಹಾವೇರಿ’. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಡಬ್ಬಿಗೆ 15, ಹಾವೇರಿಗೆ 18, ಅಂಕಿ, ಅಲ್ಪವಿರಾಮ, ಸಾಲಿನ ಕೊನೆ ಸೇರಿ ಒಟ್ಟು 43 ಬೈಟು. ಲಾಟ್ ಸಂಖ್ಯೆ ಬಿಟ್ಟು ಉಳಿದದ್ದು ಎಲ್ಲ ಸಾಲುಗಳಲ್ಲೂ ಇದೇ ಇರಲಿ. ಲಿನಕ್ಸ್‌ನಲ್ಲಿ ಪೈಪಿನ ಬಫರ್ ಮೊದಲು 4,096 ಬೈಟಿತ್ತು; 2005ರ 2.6.11 ಆವೃತ್ತಿಯಿಂದ 65,536 ಆಯಿತು. ಅಂದರೆ ನಮ್ಮ ಕಡತದ ಸುಮಾರು 1,500 ಸಾಲಿಗೆ ಪೈಪು ಭರ್ತಿ.

ಈ ಕಡತವನ್ನು ನಮ್ಮ ಪ್ರೋಗ್ರಾಮು ‘ಗ್ರೆಪ್’ ಎಂಬ ಚೈಲ್ಡ್‌ಗೆ ಕೊಟ್ಟು ಡಬ್ಬಿ ಸಾಲುಗಳನ್ನು ಹುಡುಕಿಸುತ್ತದೆ ಎನ್ನೋಣ. ಮೊದಲು ಎಲ್ಲವನ್ನೂ ಬರೆದು, ಆಮೇಲೆ ಉತ್ತರ ಓದೋಣ ಎಂದು ಪೇರೆಂಟ್ ಹೊರಟರೆ, ಗ್ರೆಪ್‌ನ ಉತ್ತರದ ಪೈಪು ತುಂಬಿ ಅದು ಬರೆಯಲಾಗದೆ ನಿಲ್ಲುತ್ತದೆ. ನಿಂತ ಗ್ರೆಪ್ ಓದುವುದನ್ನೂ ನಿಲ್ಲಿಸುತ್ತದೆ. ಈ ಕಡೆಯ ಪೈಪೂ ತುಂಬಿ ಪೇರೆಂಟ್ ನಿಲ್ಲುತ್ತದೆ. ಮೂರು ಸಾವಿರ ಸಾಲು ದಾಟಿದ ಮೇಲೆ ಎಲ್ಲೋ ಎರಡೂ ಒಂದನ್ನೊಂದು ಕಾಯುತ್ತ ಕೂರುತ್ತವೆ. ಎರರ್ ಬರುವುದಿಲ್ಲ, ಸಿಪಿಯು ಬಿಸಿಯಾಗುವುದಿಲ್ಲ, ಏನೂ ಆಗುವುದಿಲ್ಲ.

ಅದೇ ಕಡತವನ್ನು ಸಾಲುಗಳನ್ನು ಕ್ರಮವಾಗಿ ಜೋಡಿಸುವ ‘ಸಾರ್ಟ್’ಗೆ ಕೊಟ್ಟರೆ ಬೇರೆ ತೊಂದರೆ. ಕೊನೆಯ ಸಾಲು ಬಾರದೆ ಸಾರ್ಟ್ ಮೊದಲ ಸಾಲನ್ನೂ ಕೊಡಲಾರದು. ಕೊನೆ ಬಂತು ಎಂದು ಅದಕ್ಕೆ ತಿಳಿಯುವುದು ಪೈಪಿನ ಬರೆಯುವ ತುದಿಯ ಎಲ್ಲ ನಕಲುಗಳೂ ಮುಚ್ಚಿದಾಗ ಮಾತ್ರ. ಫೋರ್ಕ್ ಎಲ್ಲವನ್ನೂ ನಕಲು ಮಾಡುವುದರಿಂದ ಆ ತುದಿಯ ಒಂದು ಪ್ರತಿ ಚೈಲ್ಡ್‌ನಲ್ಲೂ ಉಳಿದಿರುತ್ತದೆ. ಅದನ್ನು ಮುಚ್ಚಲು ಮರೆತರೆ ಸಾರ್ಟ್ ತನ್ನ ಕೈಯಲ್ಲೇ ಇರುವ ತುದಿ ಮುಚ್ಚಲೆಂದು ಕಾಯುತ್ತದೆ.

ಲೈಬ್ರರಿಗಳು ಹೊತ್ತುಕೊಂಡ ಭಾರ

ಮುಂದಿನ ಸುಧಾರಣೆಗಳು ಈ ತಪ್ಪುಗಳನ್ನೇ ಗುರಿಯಾಗಿಸಿದವು. 2004ರ ಪೈಥಾನ್ 2.4ರಲ್ಲಿ ಬಂದ ‘ಸಬ್‌ಪ್ರೋಸೆಸ್’ ಮಾಡ್ಯೂಲಿನ ‘ಕಮ್ಯುನಿಕೇಟ್’ ಬರೆಯುವುದು, ಓದುವುದು ಎರಡನ್ನೂ ಜೊತೆಜೊತೆಗೇ ನಡೆಸಿ, ತುದಿ ಮುಚ್ಚಿ, ಚೈಲ್ಡ್ ಮುಗಿಯುವವರೆಗೂ ಕಾಯುತ್ತದೆ. ಹೀಗೆ ಕಾಯದಿದ್ದರೆ ಮುಗಿದ ಪ್ರೋಸೆಸ್ ಝೋಂಬಿಯಾಗಿ ಪಟ್ಟಿಯಲ್ಲಿ ಉಳಿಯುತ್ತದೆ. ಬೇಡದ ತುದಿಗಳು ಚೈಲ್ಡ್‌ಗೆ ಸೋರದಂತೆ ಲಿನಕ್ಸ್ 2008ರಲ್ಲಿ ‘ಪೈಪ್2’ ಕರೆಯನ್ನು ಸೇರಿಸಿತು. 2014ರ ಪೈಥಾನ್ 3.4 ತಾನು ತೆರೆದ ಕಡತ, ಪೈಪುಗಳು ಚೈಲ್ಡ್‌ಗೆ ಹೋಗದಿರುವುದನ್ನೇ ಸಹಜ ನಿಯಮ ಮಾಡಿತು.

ಫೋರ್ಕ್ ಬಗೆಗೇ ಪ್ರಶ್ನೆ ಎದ್ದಿದೆ. ಅನೇಕ ಥ್ರೆಡ್ಡುಗಳೂ ಗಿಗಾಬೈಟುಗಟ್ಟಲೆ ಮೆಮೊರಿಯೂ ಇರುವ ಇಂದಿನ ಪ್ರೋಗ್ರಾಮಿಗೆ ಪೂರ್ತಿ ನಕಲಿನ ಕಲ್ಪನೆ ಹೊಂದುವುದಿಲ್ಲ ಎಂದು 2019ರಲ್ಲಿ ಆಂಡ್ರ್ಯೂ ಬೌಮನ್ ಮತ್ತು ಸಂಗಡಿಗರು ಪ್ರಬಂಧ ಬರೆದರು. ಹೊಸ ಪ್ರೋಗ್ರಾಮನ್ನು ನೇರ ಹುಟ್ಟಿಸುವ ಪೋಸಿಕ್ಸ್ ಸ್ಪಾನ್ ಇದಕ್ಕೊಂದು ಉತ್ತರ. ವಿಂಡೋಸ್ ಎನ್‌ಟಿ 1993ರಿಂದಲೂ ಇಂಥದೇ ದಾರಿ ಹಿಡಿದಿದೆ.

ಕನ್ನಡ ಹೇಳಿಕೊಡುವ ಪಾಠ

ಒಂದು ಹೊಣೆಯನ್ನು ಮಾತ್ರ ಯಾವ ಕರ್ನೆಲ್ಲೂ ಹೊರಲಾರದು. ಪೈಪಿಗೆ ಬೈಟು ಗೊತ್ತು. ಅಕ್ಷರ, ಸಾಲು ಗೊತ್ತಿಲ್ಲ. ನಮ್ಮ ಬ್ಯಾಡಗಿ ಕಡತವನ್ನು ಒಂದು ಸಲಕ್ಕೆ 4,096 ಬೈಟಿನಂತೆ ಓದಿ ನೋಡಿ. ಮೊದಲ ತುಂಡು ‘ಡಬ’ ಎಂದು ಮುಗಿಯುತ್ತದೆ; ಒತ್ತಕ್ಷರ ಮುಂದಿನ ತುಂಡಿಗೆ ಹೋಗಿರುತ್ತದೆ. ಎರಡನೆಯದು 12ರ ನಡುವೆ ಕತ್ತರಿಸಿ 12 ಚೀಲವನ್ನು 1 ಮಾಡುತ್ತದೆ. ಮೂರನೆಯದರ ಕೊನೆಗೆ ಹಾವೇರಿಯ ‘ಹಾವ’ ಮಾತ್ರ ಉಳಿಯುತ್ತದೆ. ಐದನೆಯದು ಒಂದು ಸಂಕೇತದ ಮೂರು ಬೈಟುಗಳನ್ನೇ ಸೀಳುತ್ತದೆ. ಈ ಐದನೆಯದನ್ನು ಡಿಕೋಡರ್ ಹಿಡಿಯುತ್ತದೆ. ಎರಡನೆಯ ತಪ್ಪನ್ನು ಯಾರೂ ಹಿಡಿಯುವುದಿಲ್ಲ, ಏಕೆಂದರೆ 1 ಕೂಡ ಸರಿಯಾದ ಸಂಖ್ಯೆಯೇ. ಪೈಪ್ ಬರೆದ ಥಾಂಪ್ಸನ್ನರೇ 1992ರಲ್ಲಿ ರಾಬ್ ಪೈಕ್ ಜೊತೆ ಯುಟಿಎಫ್-8 ರೂಪಿಸಿದವರು. ಅದರಲ್ಲಿ ಅಕ್ಷರ ಎಲ್ಲಿ ಶುರುವಾಗುತ್ತದೆ ಎಂದು ಗುರುತಿಸಬಹುದು. ಆದರೆ ಒಂದು ದಾಖಲೆ ಎಲ್ಲಿ ಮುಗಿಯುತ್ತದೆ ಎಂಬ ಒಪ್ಪಂದವನ್ನು ಎರಡು ಪ್ರೋಗ್ರಾಮುಗಳೇ ಮಾಡಿಕೊಳ್ಳಬೇಕು. ಸಾಲಿನ ಕೊನೆ ಸಿಗುವವರೆಗೆ ಕೂಡಿಸಿಟ್ಟುಕೊಂಡು, ಪೂರ್ತಿ ಸಾಲನ್ನಷ್ಟೇ ಬಿಡಿಸಬೇಕು.

ಹಾಗಾಗಿ ಹಾವೇರಿ, ರಾಣೆಬೆನ್ನೂರಿನ ಪ್ರಯೋಗಾಲಯಗಳಲ್ಲಿ 12 ಬೈಟಿನ ಉದಾಹರಣೆಯ ಪಕ್ಕದಲ್ಲೇ ಇಂಥ ಹತ್ತು ಸಾವಿರ ಸಾಲಿನ ಕನ್ನಡ ಕಡತವೂ ಇರಬೇಕು. ವಿದ್ಯಾರ್ಥಿ ಅದನ್ನು ಗ್ರೆಪ್‌ಗೆ ಕೊಟ್ಟು ಪ್ರೋಗ್ರಾಮು ನಿಲ್ಲುವುದನ್ನು ನೋಡಲಿ, ಸಾರ್ಟ್‌ನ ತುದಿ ಮುಚ್ಚಲು ಕಲಿಯಲಿ, ತುಂಡಾದ ಡಬ್ಬಿಯನ್ನು ಜೋಡಿಸಲಿ. ಲೈಬ್ರರಿಯ ಒಂದು ಕರೆ ಆತನಿಗಾಗಿ ಏನೇನು ಮಾಡುತ್ತದೆ, ಏನನ್ನು ಮಾಡಲಾರದು ಎಂಬುದು ಆಗ ತಿಳಿಯುತ್ತದೆ. ರೈತರ ಲೆಕ್ಕ ಇಡುವ ಸಾಫ್ಟ್‌ವೇರನ್ನು ನಾಳೆ ಬರೆಯುವವರು ಈ ವಿದ್ಯಾರ್ಥಿಗಳೇ. 12 ಚೀಲ 12 ಆಗಿಯೇ ಉಳಿಯುವುದು ಅವರ ಈ ತಿಳಿವಳಿಕೆಯ ಮೇಲೆ ನಿಂತಿದೆ.