ಚರ್ಚಿನೊಳಗೆ ಕನ್ನಡ ಬಂದ ದಾರಿ

ಕನ್ನಡದ ಮೊದಲ ಪತ್ರಿಕೆ ಯಾವುದು ಎಂದರೆ ಪತ್ರಿಕೋದ್ಯಮ ಓದಿದ ನಾವು ನಿದ್ದೆಗಣ್ಣಲ್ಲೂ ಹೇಳುತ್ತೇವೆ: ‘ಮಂಗಳೂರ ಸಮಾಚಾರ’, 1843ರ ಜುಲೈ 1, ಸಂಪಾದಕ ಹರ್ಮನ್ ಮೋಗ್ಲಿಂಗ್. ಪರೀಕ್ಷೆಗೆ ಅಷ್ಟು ಸಾಕಿತ್ತು. ಆ ಸಂಪಾದಕರು ಮೂಲತಃ ಪಾದ್ರಿ, ಭಾನುವಾರ ಅವರು ಜನರೆದುರು ನಿಂತು ಯಾವ ಭಾಷೆಯಲ್ಲಿ ಮಾತಾಡಬೇಕಿತ್ತು ಎಂದು ನಾವ್ಯಾರೂ ಕೇಳಲಿಲ್ಲ.

ಬಾಸೆಲ್ ಮಿಶನ್ನಿನ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಆರಾಧನೆಯಲ್ಲಿ ಪ್ರಸಂಗವೇ ಪ್ರಧಾನ. ಹಾಗಾಗಿ ಜನರ ಮಾತು ಕಲಿಯದೆ ಕೆಲಸವೇ ನಡೆಯುತ್ತಿರಲಿಲ್ಲ. ಕನ್ನಡ, ತುಳು ಕಲಿತರು, ಜಾತ್ರೆಗಳಿಗೆ ಹೋಗಿ ನಿಂತು ಮಾತಾಡಿದರು, ಪುಸ್ತಕ ಹಂಚಿದರು. ಅಚ್ಚುಕೂಟ ಹುಟ್ಟಿದ್ದೂ ಈ ಅಗತ್ಯದಿಂದಲೇ. ಮಾತು ಕನ್ನಡವಾದರೂ ಹಾಡು ಬಹುಕಾಲ ಜರ್ಮನ್ ಧಾಟಿಯಲ್ಲೇ ಉಳಿಯಿತು. ಆ ರಾಗಕ್ಕೆ ಕನ್ನಡದ ಪದ ಕೂರಿಸಿ ಹಾಡುತ್ತಿದ್ದರು. ಇದು ಸಾಲದು ಎನಿಸಿದ್ದು ಕಿಟ್ಟೆಲ್ ಅವರಿಗೆ. 1862ರಲ್ಲಿ ‘ಕಥಾಮಾಲೆ’ ಬರೆದು ಯೇಸುವಿನ ಕಥೆಯನ್ನು ಈ ನೆಲದ ಛಂದಸ್ಸಿಗೆ ತಂದರು. ನಿಘಂಟಿನ ಕಿಟ್ಟೆಲ್ ಎಲ್ಲರಿಗೂ ಗೊತ್ತು, ಈ ಕಿಟ್ಟೆಲ್ ಅಷ್ಟಾಗಿ ಗೊತ್ತಿಲ್ಲ.

ಕಥೋಲಿಕರ ಚರ್ಚಿನ ಕಥೆ ಬೇರೆ. ಅಲ್ಲಿ ಪ್ರಧಾನವಾದದ್ದು ಪ್ರಸಂಗವಲ್ಲ, ಬಲಿಪೂಜೆ. ಅದು ಇದ್ದದ್ದು ಲ್ಯಾಟಿನ್‌ನಲ್ಲಿ. ಶ್ರೀರಂಗಪಟ್ಟಣಕ್ಕೆ 17ನೇ ಶತಮಾನದಲ್ಲೇ ಬಂದ ಇಟಲಿಯ ಜೆಸ್ವಿತ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲಿ ಬರೆದಿದ್ದರು, ಸಂನ್ಯಾಸಿಯಂತೆ ಉಡುಪು ತೊಟ್ಟಿದ್ದರು. ಆದರೂ ಪೂಜೆಯ ಮಾತು ಅವರು ಬದಲಿಸುವಂಥದ್ದಾಗಿರಲಿಲ್ಲ. ಗುರುಗಳು ಬಲಿಪೀಠದ ಕಡೆ ಮುಖ ಮಾಡಿ, ಜನರಿಗೆ ಬೆನ್ನು ತೋರಿ, ಬಹುಪಾಲು ಮೆಲುದನಿಯಲ್ಲೇ ಪ್ರಾರ್ಥಿಸುತ್ತಿದ್ದರು. ಪಕ್ಕದಲ್ಲಿ ಮೊಣಕಾಲೂರಿದ ಹುಡುಗರು ಅರ್ಥ ಗೊತ್ತಿಲ್ಲದಿದ್ದರೂ ಬಾಯಿಪಾಠ ಮಾಡಿದ ಲ್ಯಾಟಿನ್ ಉತ್ತರ ಒಪ್ಪಿಸುತ್ತಿದ್ದರು. ಗಂಟೆ ಬಾರಿಸಿದಾಗ ಜನ ತಲೆ ಎತ್ತಿ ನೋಡಬೇಕು. ಮಿಕ್ಕ ಹೊತ್ತು? ನಮ್ಮ ಬಳಗದ ಗೆಳೆಯನೊಬ್ಬನ ಅಜ್ಜಿ, ಮೈಸೂರು ಕಡೆಯವರು, ಹೇಳಿದ್ದು ಹೀಗೆ: “ಸ್ವಾಮ್ಯೋರು ಅವರ ಪಾಡಿಗೆ ಅವರು ಓದ್ಕೊಳೋರು, ನಾವು ನಮ್ಮ ಪಾಡಿಗೆ ಜಪಮಾಲೆ ಮಾಡ್ತಿದ್ವಿ ಕಣಪ್ಪ.” ಪ್ರಬೋಧನೆಯಷ್ಟೇ ಊರಿನ ಮಾತಿನಲ್ಲಿ. ಅದಕ್ಕೆ ಗುರುಗಳು ಪಕ್ಕದ ಮರದ ಪೀಠದ ಮೆಟ್ಟಿಲು ಹತ್ತಬೇಕಿತ್ತು. ಮೈಕಿಲ್ಲದ ಕಾಲ, ಎತ್ತರದಿಂದ ಮಾತಾಡಿದರೇ ಹಿಂದಿನವರಿಗೂ ಕೇಳುತ್ತಿದ್ದದ್ದು.

1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಇದನ್ನೆಲ್ಲ ಬದಲಿಸಿತು. ಜನರ ಭಾಷೆಗೆ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಗುರುಗಳು ಜನರ ಕಡೆ ತಿರುಗಿ ನಿಂತರು. ಅಜ್ಜಿಗೆ ಮೊದಮೊದಲು ಸರಿಬರಲಿಲ್ಲವಂತೆ. ಎಲ್ಲ ಅರ್ಥವಾಗಿಬಿಟ್ಟರೆ ದೇವರು ಹತ್ತಿರವಾಗುತ್ತಾನೋ ಸಣ್ಣವನಾಗುತ್ತಾನೋ ಎಂಬ ಅವರ ಅನುಮಾನವನ್ನು ನಾವು ತಮಾಷೆ ಎಂದುಕೊಳ್ಳುವುದಿಲ್ಲ. 1969ರಲ್ಲಿ ಭಾರತದ ಚರ್ಚಿಗೆಂದೇ 12 ಅಂಶಗಳಿಗೆ ಒಪ್ಪಿಗೆ ಬಂತು: ನೆಲದ ಮೇಲೆ ಕೂರುವುದು, ಕೈಮುಗಿಯುವುದು, ಮೇಣದಬತ್ತಿಯ ಜಾಗದಲ್ಲಿ ಎಣ್ಣೆ ದೀಪ, ಆರತಿ. ಬೆಂಗಳೂರಿನ ಎನ್‌ಬಿಸಿಎಲ್‌ಸಿ ಕೇಂದ್ರದಲ್ಲಿದ್ದ ಫಾದರ್ ಅಮಲೋರ್‌ಪವದಾಸ್ ಇದರ ಮುಂಚೂಣಿಯಲ್ಲಿದ್ದರು. ಇದು ಹಿಂದೂಗಳ ಅನುಕರಣೆ ಎಂದು ಒಳಗಿನವರೇ ಗದ್ದಲ ಎಬ್ಬಿಸಿದರು.

ಜನರ ಭಾಷೆ ಎಂದದ್ದೇ ಇನ್ನೊಂದು ಪ್ರಶ್ನೆ ಎದ್ದಿತು: ಯಾವ ಜನ? ಬೆಂಗಳೂರಿನ ಚರ್ಚುಗಳಲ್ಲಿ ತಮಿಳರಿದ್ದರು, ಕೊಂಕಣಿಗರಿದ್ದರು, ಮಲಯಾಳಿಗಳಿದ್ದರು. ಲ್ಯಾಟಿನ್ ಯಾರದ್ದೂ ಅಲ್ಲದ್ದರಿಂದ ಅದರ ಬಗ್ಗೆ ಜಗಳವಿರಲಿಲ್ಲ. ಅದು ಹೋದ ಮೇಲೆ ಯಾವ ಹೊತ್ತಿನ ಪೂಜೆ ಯಾವ ಭಾಷೆಯಲ್ಲಿ ಎಂಬುದೇ ಹೋರಾಟವಾಯಿತು. ಕರ್ನಾಟಕದ ರಾಜಧಾನಿಯಲ್ಲೇ ಕನ್ನಡ ಕ್ರೈಸ್ತರು ಕನ್ನಡ ಪೂಜೆಗಾಗಿ ದಶಕಗಳ ಕಾಲ ದನಿ ಎತ್ತಬೇಕಾಯಿತು. ನಮ್ಮ ಪಠ್ಯದಲ್ಲಿ ಗೋಕಾಕ್ ಚಳವಳಿ ಇತ್ತು; ಇದು ಇರಲಿಲ್ಲ.

ಈಗ ಕೀಬೋರ್ಡು, ಡ್ರಮ್ಮು ಬಂದಿವೆ. ಕೆಲವೆಡೆ ಹಾಡಿನ ಸಾಲು ಪರದೆಯ ಮೇಲೆ ಮೂಡುತ್ತದೆ. ಕೊರೊನಾ ಕಾಲದಲ್ಲಿ ಪೂಜೆ, ಪ್ರಸಂಗ ಎರಡೂ ಮೊಬೈಲಿಗೇ ಬಂದವು. ಹಳೆಯ ಚರ್ಚುಗಳಲ್ಲಿ ಆ ಎತ್ತರದ ಮರದ ಪೀಠ ಅಲ್ಲಲ್ಲಿ ಇನ್ನೂ ಇದೆ. ಮೆಟ್ಟಿಲು ಹತ್ತುವವರಿಲ್ಲ, ಕೆಳಗೆ ಮೈಕ್ ಇಟ್ಟಿದ್ದಾರೆ.