ಬೇಡಿ, ಬಂದಾ, ಜೀತ

ಗೊಬ್ಬೂರಿನ ಕಡೆ ಮನೆಯೊಳಗೆ ದಖ್ನಿ, ಹೊಲದಲ್ಲಿ, ಸಂತೆಯಲ್ಲಿ ಕನ್ನಡ ಆಡುವವರಿದ್ದಾರೆ. ಅವರ ಬಾಯಲ್ಲಿ ಒಂದೇ ಪದಕ್ಕೆ ಎರಡು ಅಳತೆ. ಉರ್ದುವಿನ ಬೇಡಿ ಕಾಲಿಗೆ ಮಾತ್ರ, ಕೈಗಾದರೆ ಹಥ್‌ಕಡಿ. ಕನ್ನಡದ ಬೇಡಿಗೆ ಆ ಭೇದವಿಲ್ಲ. ಕೈಗೂ ಸೈ, ಕಾಲಿಗೂ ಸೈ. ಪತ್ರಿಕೆಗಳು ಬರೆಯುವ ಕೈಕೋಳದ ‘ಕೋಳ’ ಮಾತ್ರ ಅಚ್ಚಗನ್ನಡ. ವಶಪಡಿಸಿಕೊಳ್ಳುವ ಅರ್ಥದ ‘ಕೊಳ್’ ಎಂಬ ಧಾತುವಿನಿಂದ ಹುಟ್ಟಿದ್ದು.

1347ರಲ್ಲಿ ಕಲಬುರಗಿ ಬಹಮನಿ ರಾಜಧಾನಿಯಾಯಿತು. 1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಈ ನಡುವೆ ಕಚೇರಿಯ ಮಾತು ಹೆಚ್ಚಾಗಿ ಫಾರ್ಸಿ, ಕೊನೆಗೆ ಉರ್ದು. ಕಟ್ಟಿಹಾಕುವ ಪದಗಳೂ ಅಲ್ಲಿಂದಲೇ ಇಳಿದವು. ‘ಕೈದಿ’ಯ ಮೂಲ ಅರಬಿಯ ‘ಖೈದ್’. ಅದರ ಹಳೆಯ ಅರ್ಥ ಸೆರೆಮನೆಯಲ್ಲ, ಕಾಲಿಗೆ ಬಿಗಿಯುವ ಬಂಧ. (ಹಳಗನ್ನಡದ ‘ಕೈದು’ ಬೇರೆ, ಅದು ಆಯುಧ.) ಗಣೇಶೋತ್ಸವಕ್ಕೋ ಮೊಹರಮ್‌ಗೋ ಪೊಲೀಸರು ಮಾಡುವ ಬಂದೋಬಸ್ತ್ ಕೂಡ ಕಟ್ಟುವ ಮಾತೇ.

ಫಾರ್ಸಿಯ ‘ಬಂದ್’ ಅಂದರೆ ಕಟ್ಟು. ಅದರ ಬಳಗದ್ದೇ ‘ಬಂದಾ’; ಕಟ್ಟಿಗೆ ಒಳಪಟ್ಟವನು, ಗುಲಾಮ. ದೆಹಲಿಯಿಂದ 1400ರ ಸುಮಾರಿಗೆ ಕಲಬುರಗಿಗೆ ಬಂದು 1422ರಲ್ಲಿ ಇಲ್ಲೇ ಮಣ್ಣಾದ ಸೂಫಿ ಸಂತ ಸೈಯದ್ ಮುಹಮ್ಮದ್ ಹುಸೇನಿ ಗೇಸುದರಾಜ್ ಅವರನ್ನು ಜನ ಕರೆಯುವುದು ಬಂದಾ ನವಾಜ್ ಎಂದು. ಬಂದಾಗಳ ಮೇಲೆ ಕರುಣೆಯಿಟ್ಟವರು ಎಂದರ್ಥ. ಎಲ್ಲರೂ ಅಲ್ಲಾಹನ ಬಂದಾಗಳು ಎಂದಮೇಲೆ ಯಾರೂ ಮತ್ತೊಬ್ಬ ಮನುಷ್ಯನ ಬಂದಾ ಅಲ್ಲ. ಗುಲಾಮನ ಹೆಸರು ಹೀಗೆ ಮರ್ಯಾದೆಯ ಹೆಸರಾಯಿತು. ‘ಪಾಬಂದ್’ ಕೂಡ ಹಾಗೆಯೇ. ಅಕ್ಷರಶಃ ಕಾಲು ಕಟ್ಟಿಸಿಕೊಂಡವನು. ಆಡುಮಾತಿನಲ್ಲಿ ಐದು ಹೊತ್ತಿನ ನಮಾಜು ತಪ್ಪಿಸದವನು, ಕೊಟ್ಟ ಮಾತಿಗೆ ತಪ್ಪದವನು.

ಕನ್ನಡದ ‘ಜೀತ’ ನಡೆದದ್ದು ಇದಕ್ಕೆ ತಿರುಗಾ ದಾರಿ. ಅದರಲ್ಲಿ ಹಗ್ಗವೂ ಇಲ್ಲ, ಕಬ್ಬಿಣವೂ ಇಲ್ಲ. ಸಂಸ್ಕೃತದ ‘ಜೀವಿತ’ದ ತದ್ಭವ, ಹಳೆಯ ಅರ್ಥ ಸಂಬಳ, ಬದುಕಿಗೆ ಆಧಾರ. ಸಾಲಕ್ಕೆ ಅಪ್ಪ ದುಡಿದು, ಅಪ್ಪನ ಸಾಲಕ್ಕೆ ಮಗ ದುಡಿದು, ಕೊನೆಗೆ ಸಂಬಳವಿಲ್ಲದ ದುಡಿಮೆಗೇ ಸಂಬಳದ ಹೆಸರು ಉಳಿಯಿತು. ನನ್ನ ಮಟ್ಟಿಗೆ ಬೇಡಿಗಿಂತ ಕ್ರೂರವಾದ ಪದವಿದು. ಬೇಡಿ ಕಣ್ಣಿಗೆ ಕಾಣುತ್ತದೆ. ಜೀತದವನನ್ನು ಧಣಿ ‘ಮನೆ ಮಗನಿದ್ದಂಗ’ ಅನ್ನಬಹುದು.

ಕಾನೂನು ಇದನ್ನು ಬಂಧವೆಂದೇ ಕರೆಯಿತು. 1975ರ ಅಕ್ಟೋಬರ್‌ನ ಸುಗ್ರೀವಾಜ್ಞೆ, ಅದರ ಬೆನ್ನಿಗೆ 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ಅದರಂತೆ ಜೀತದ ಸಾಲವೂ ರದ್ದು. ಮುಂದೆಯೂ ದುಡಿಸಿಕೊಂಡ ಧಣಿಗೆ 3 ವರ್ಷದವರೆಗೆ ಸೆರೆ, 2,000 ರೂಪಾಯಿವರೆಗೆ ದಂಡ.