ಪಾಲಿಮರ್ ವಿಜ್ಞಾನದ ಇತಿಹಾಸ

ಪಾಲಿಮರ್ ವಿಜ್ಞಾನವು ಸಾವಿರಾರು ಸಣ್ಣ ಅಣುಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಉಂಟಾಗುವ ಬೃಹದಣುಗಳನ್ನು ಅಧ್ಯಯನ ಮಾಡುವ ರಸಾಯನಶಾಸ್ತ್ರದ ಶಾಖೆಯಾಗಿದೆ. ಸರಪಳಿಯ ಒಂದೊಂದು ಕೊಂಡಿಯನ್ನು ಮಾನೋಮರ್ ಎಂದೂ ಇಡೀ ಸರಪಳಿಯನ್ನು ಪಾಲಿಮರ್ ಎಂದೂ ಕರೆಯುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಪಾಲಿ' ಎಂದರೆ ಹಲವು, 'ಮೆರೋಸ್' ಎಂದರೆ ಭಾಗ. ಹತ್ತಿ, ಮರ, ರೇಷ್ಮೆ, ಉಣ್ಣೆ, ಪಿಷ್ಟ, ರಬ್ಬರು ಇವು ನೈಸರ್ಗಿಕ ಪಾಲಿಮರುಗಳಿಂದಾದವು; ಬೇಕಲೈಟ್, ನೈಲಾನ್, ಪಾಲಿಥೀನ್ ಮೊದಲಾದವು ಮಾನವನಿರ್ಮಿತ. ಈ ಶಾಖೆ ಸ್ವತಂತ್ರ ವಿಜ್ಞಾನವಾಗಿ ಮನ್ನಣೆ ಪಡೆದು ಇನ್ನೂ ನೂರು ವರ್ಷಗಳಷ್ಟೇ ಆಗಿವೆ. ಅದರ ಕಥೆ ಯುರೋಪು ಮತ್ತು ಅಮೆರಿಕದ ಪ್ರಯೋಗಾಲಯಗಳಲ್ಲಿ ನಡೆದರೂ, ಅದರ ಪರಿಣಾಮಗಳನ್ನು ಕರ್ನಾಟಕದ ಭದ್ರಾ ನದಿಯ ಆಸುಪಾಸಿನಲ್ಲಿ, ಅಂದರೆ ತರೀಕೆರೆ, ಕಡೂರು, ಅಜ್ಜಂಪುರ ಮತ್ತು ಭದ್ರಾವತಿಯ ಸೀಮೆಯಲ್ಲಿ, ಸ್ಪಷ್ಟವಾಗಿ ಗುರುತಿಸಬಹುದು.

ಹೆಸರು ತಿಳಿಯದ ಬಳಕೆ

ಪಾಲಿಮರ್ ಎಂಬ ಪದ ಹುಟ್ಟುವುದಕ್ಕೆ ಬಹಳ ಮೊದಲೇ ಜನರು ಪಾಲಿಮರುಗಳನ್ನು ಬಳಸುತ್ತಿದ್ದರು. ಕಡೂರಿನ ಬಯಲುಸೀಮೆಯಲ್ಲಿ ತೆಂಗಿನ ನಾರನ್ನು ಹೊಸೆದು ಹಗ್ಗ ಮಾಡುವವರು ಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಎರಡು ಪಾಲಿಮರುಗಳೊಡನೆ ಕೆಲಸ ಮಾಡುತ್ತಾರೆ. ಕುರಿಯ ಉಣ್ಣೆಯಿಂದ ಕಂಬಳಿ ನೇಯುವವರ ಕೈಯಲ್ಲಿರುವುದು ಕೆರಾಟಿನ್ ಎಂಬ ಪ್ರೋಟೀನು. ರಾಗಿಮುದ್ದೆ ಬೆಂದಾಗ ಅಂಟಾಗುವುದು ಪಿಷ್ಟದ ಉದ್ದ ಸರಪಳಿಗಳು ನೀರು ಹೀರಿ ಉಬ್ಬುವುದರಿಂದ. ಚರ್ಮ ಹದಮಾಡುವುದೆಂದರೆ ಕೊಲಾಜೆನ್ ಎಂಬ ಪಾಲಿಮರಿನ ಎಳೆಗಳನ್ನು ತೊಗಟೆಯ ಟ್ಯಾನಿನ್‌ನಿಂದ ಪರಸ್ಪರ ಬಿಗಿಯುವುದು. ಕುಶಲಕರ್ಮಿಗಳಿಗೆ ಫಲ ತಿಳಿದಿತ್ತು. ಕಾರಣ ತಿಳಿಯಲು ರಸಾಯನಶಾಸ್ತ್ರ ಬೆಳೆಯಬೇಕಾಯಿತು.

ಹತ್ತೊಂಬತ್ತನೆಯ ಶತಮಾನದ ಪ್ರಯೋಗಗಳು

'ಪಾಲಿಮರ್' ಎಂಬ ಪದದ ಮೂಲರೂಪವನ್ನು 1833ರ ಸುಮಾರಿಗೆ ಬಳಕೆಗೆ ತಂದವನು ಸ್ವೀಡನ್ನಿನ ಬರ್ಜೀಲಿಯಸ್. ಆದರೆ ಅವನ ಅರ್ಥ ಇಂದಿನದಲ್ಲ. ಒಂದೇ ಅನುಪಾತದ ಧಾತುಗಳಿದ್ದು ಅಣುತೂಕದಲ್ಲಿ ಮಾತ್ರ ಬೇರೆಯಾದ ವಸ್ತುಗಳಿಗೆ ಅವನು ಆ ಹೆಸರು ಕೊಟ್ಟಿದ್ದ.

1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ರಬ್ಬರನ್ನು ಗಂಧಕದೊಂದಿಗೆ ಕಾಯಿಸಿದರೆ ಅದು ಬಿಸಿಲಿಗೆ ಕರಗದೆ, ಚಳಿಗೆ ಬಿರಿಯದೆ ಉಳಿಯುತ್ತದೆಂದು ಕಂಡುಕೊಂಡ. ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಈ ವಿಧಾನಕ್ಕೆ ತನ್ನ ದೇಶದಲ್ಲಿ ಗುಡ್‌ಇಯರ್‌ಗಿಂತ ಮೊದಲೇ ಹಕ್ಕು ಪಡೆದ. ಗುಡ್‌ಇಯರ್ 1860ರಲ್ಲಿ ಸಾಲದಲ್ಲೇ ತೀರಿಕೊಂಡ. 1846ರಲ್ಲಿ ಷೋನ್‌ಬೈನ್ ಹತ್ತಿಯನ್ನು ನೈಟ್ರಿಕ್ ಮತ್ತು ಗಂಧಕಾಮ್ಲಗಳಲ್ಲಿ ಅದ್ದಿ ಸಿಡಿಹತ್ತಿಯನ್ನು ತಯಾರಿಸಿದ. ಇದೇ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ ಅಮೆರಿಕದ ಹ್ಯಾಟ್ ಸಹೋದರರು 1870ರ ಸುಮಾರಿಗೆ ಸೆಲ್ಯುಲಾಯ್ಡ್ ಮಾಡಿದರು. ಬಿಲಿಯರ್ಡ್ಸ್ ಚೆಂಡಿಗೆ ಆನೆದಂತದ ಬದಲಿ ವಸ್ತು ಹುಡುಕುವುದು ಅವರ ಮೂಲ ಉದ್ದೇಶವಾಗಿತ್ತು. 1892ರಲ್ಲಿ ಇಂಗ್ಲೆಂಡಿನ ಕ್ರಾಸ್, ಬೆವನ್ ಮತ್ತು ಬೀಡಲ್ ಮರದ ತಿರುಳನ್ನು ಕರಗಿಸಿ ಮತ್ತೆ ನೂಲಾಗಿ ತೆಗೆಯುವ ವಿಸ್ಕೋಸ್ ವಿಧಾನವನ್ನು ರೂಪಿಸಿದರು. ರೇಯಾನ್ ಬಟ್ಟೆಯ ಮೂಲ ಇದೇ.

ಇವೆಲ್ಲವೂ ನಿಸರ್ಗ ಕಟ್ಟಿಕೊಟ್ಟ ಸರಪಳಿಯನ್ನು ಮಾರ್ಪಡಿಸಿದ ಕೆಲಸಗಳು. ಸಣ್ಣ ಅಣುಗಳಿಂದಲೇ ಆರಂಭಿಸಿ ಪೂರ್ಣ ಕೃತಕವಾದ ಪ್ಲಾಸ್ಟಿಕ್ಕನ್ನು ಮಾರುಕಟ್ಟೆಗೆ ತಂದವನು ಬೆಲ್ಜಿಯಂ ಮೂಲದ ಲಿಯೋ ಬೇಕಲ್ಯಾಂಡ್. 1907ರಲ್ಲಿ ಅವನು ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಒತ್ತಡದಲ್ಲಿ ಕಾಯಿಸಿ ಬೇಕಲೈಟ್ ಪಡೆದ. ಹಳೆಯ ಮನೆಗಳ ಕಪ್ಪು ವಿದ್ಯುತ್ ಸ್ವಿಚ್ಚುಗಳು ಈ ವಸ್ತುವಿನವೇ.

ಬೃಹದಣು ಇದೆಯೇ ಇಲ್ಲವೇ ಎಂಬ ವಾದ

ವಿಚಿತ್ರವೆಂದರೆ, ಬೇಕಲೈಟ್ ಕಾರ್ಖಾನೆಗಳು ನಡೆಯುತ್ತಿದ್ದಾಗಲೂ ಪಾಲಿಮರ್ ಎಂದರೇನೆಂದು ರಸಾಯನಶಾಸ್ತ್ರಜ್ಞರಿಗೆ ಗೊತ್ತಿರಲಿಲ್ಲ. ರಬ್ಬರು, ಸೆಲ್ಯುಲೋಸ್ ಮುಂತಾದವು ಸಣ್ಣ ಅಣುಗಳ ಗುಂಪುಗಳು, ಯಾವುದೋ ದುರ್ಬಲ ಆಕರ್ಷಣೆಯಿಂದ ಒಟ್ಟಿಗೆ ಅಂಟಿಕೊಂಡ ಕಲಿಲಗಳು ಎಂಬುದು ಆಗಿನ ಬಲವಾದ ಅಭಿಪ್ರಾಯ. ಪ್ರೋಟೀನುಗಳ ಸಂಶೋಧನೆಗೆ ಹೆಸರಾದ ಎಮಿಲ್ ಫಿಷರ್‌ನಂತಹವನೂ 5,000ಕ್ಕಿಂತ ಬಹಳ ಹೆಚ್ಚಿನ ಅಣುತೂಕವನ್ನು ಒಪ್ಪಲು ಸಿದ್ಧನಿರಲಿಲ್ಲ. ಸ್ಫಟಿಕಶಾಸ್ತ್ರಜ್ಞರ ಆಕ್ಷೇಪ ಬೇರೆ: ಎಕ್ಸ್ ಕಿರಣಗಳು ತೋರಿಸುವ ಸ್ಫಟಿಕದ ಏಕಕೋಶ ಅಷ್ಟು ಚಿಕ್ಕದಾಗಿರುವಾಗ ಅಣು ಅದಕ್ಕಿಂತ ದೊಡ್ಡದಾಗಿರುವುದು ಹೇಗೆ?

ಈ ಅಭಿಪ್ರಾಯವನ್ನು ಎದುರಿಸಿದವನು ಜರ್ಮನಿಯ ಹರ್ಮನ್ ಸ್ಟಾಡಿಂಗರ್ (1881–1965). ಝೂರಿಕ್‌ನಲ್ಲಿದ್ದಾಗ 1920ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವನು, ಈ ವಸ್ತುಗಳಲ್ಲಿ ಪರಮಾಣುಗಳು ಸಾಮಾನ್ಯ ರಾಸಾಯನಿಕ ಬಂಧಗಳಿಂದಲೇ ಉದ್ದಕ್ಕೂ ಜೋಡಣೆಯಾಗಿವೆ ಎಂದು ವಾದಿಸಿದ. ಅವನು ಕೊಟ್ಟ ಪುರಾವೆ ಸರಳ ಮತ್ತು ಸುಂದರ. ರಬ್ಬರಿನ ಸಣ್ಣ ಅಣುಗಳನ್ನು ಹಿಡಿದಿಟ್ಟಿರುವುದು ಅವುಗಳ ದ್ವಿಬಂಧಗಳಲ್ಲಿ ಉಳಿದ ಆಕರ್ಷಣೆ ಎಂದು ವಿರೋಧಿಗಳು ಹೇಳುತ್ತಿದ್ದರು. ಹಾಗಿದ್ದರೆ ರಬ್ಬರಿಗೆ ಹೈಡ್ರೋಜನ್ ಸೇರಿಸಿ ದ್ವಿಬಂಧಗಳನ್ನು ತೆಗೆದುಬಿಟ್ಟರೆ ಗುಂಪು ಚದುರಬೇಕು, ಸುಲಭವಾಗಿ ಆವಿಯಾಗುವ ದ್ರವ ಸಿಗಬೇಕು. 1922ರಲ್ಲಿ ಸ್ಟಾಡಿಂಗರ್ ಮತ್ತು ಫ್ರಿಟ್ಶಿ ಹಾಗೆ ಮಾಡಿ ನೋಡಿದರು. ಹೈಡ್ರೋಜನ್ ಸೇರಿಸಿದ ರಬ್ಬರು ಆವಿಯಾಗಲಿಲ್ಲ. ದ್ರಾವಣದಲ್ಲಿ ಮೊದಲಿನಂತೆಯೇ ಕಲಿಲವಾಗಿ ಉಳಿಯಿತು. 'ಬೃಹದಣು' ಎಂಬ ಅರ್ಥದ ಜರ್ಮನ್ ಪದ ಇದೇ ಲೇಖನದಲ್ಲಿ ಬಂದಿತು.

ಆದರೂ ಮನ್ನಣೆ ಕೂಡಲೇ ದೊರೆಯಲಿಲ್ಲ. 1926ರಲ್ಲಿ ಡ್ಯೂಸೆಲ್‌ಡಾರ್ಫ್‌ನಲ್ಲಿ ನಡೆದ ಸಭೆಯಲ್ಲಿ ಬಹುತೇಕ ಭಾಷಣಕಾರರು ಅವನ ವಿರುದ್ಧವೇ ಮಾತನಾಡಿದರು. ಕ್ರಮೇಣ ಬೇರೆಡೆಗಳಿಂದ ಬೆಂಬಲ ಬಂದಿತು. ಸ್ವೀಡನ್ನಿನ ಸ್ವೆಡ್‌ಬರ್ಗ್ ತನ್ನ ಅತಿವೇಗದ ಅಪಕೇಂದ್ರಕ ಯಂತ್ರದಿಂದ ಹಿಮೋಗ್ಲೋಬಿನ್‌ನ ಅಣುತೂಕ ಸುಮಾರು 67,000 ಎಂದು ತೋರಿಸಿದ. ಹರ್ಮನ್ ಮಾರ್ಕ್ ಮತ್ತು ಕರ್ಟ್ ಮೇಯರ್, ಉದ್ದ ಸರಪಳಿಯೊಂದು ಅನೇಕ ಏಕಕೋಶಗಳ ಮೂಲಕ ಹಾದುಹೋಗಬಹುದೆಂದು ವಿವರಿಸಿ ಸ್ಫಟಿಕಶಾಸ್ತ್ರಜ್ಞರ ಆಕ್ಷೇಪವನ್ನು ನಿವಾರಿಸಿದರು. ಸ್ಟಾಡಿಂಗರ್‌ಗೆ ನೊಬೆಲ್ ಪ್ರಶಸ್ತಿ ದೊರೆತದ್ದು 1953ರಲ್ಲಿ. ಆಗ ಅವನಿಗೆ 72 ವರ್ಷ.

ಕರೋಥರ್ಸ್ ಮತ್ತು ನಂತರದವರು

ಸ್ಟಾಡಿಂಗರ್ ಸರಪಳಿ ಇದೆಯೆಂದು ವಾದಿಸಿದರೆ, ಅಮೆರಿಕದ ವಾಲೆಸ್ ಕರೋಥರ್ಸ್ ಅದನ್ನು ಕೊಂಡಿ ಕೊಂಡಿಯಾಗಿ ಕಟ್ಟಿ ತೋರಿಸಿದ. ತುದಿಗಳಲ್ಲಿ ಎರಡು ಕ್ರಿಯಾಶೀಲ ಗುಂಪುಗಳಿರುವ ಅಣುಗಳನ್ನು ಆರಿಸಿ, ಪರಿಚಿತ ಕ್ರಿಯೆಗಳಿಂದಲೇ ಅವನ್ನು ಜೋಡಿಸಿದ. ಡ್ಯೂಪಾಂಟ್ ಕಂಪನಿಯ ಅವನ ತಂಡ 1930ರಲ್ಲಿ ನಿಯೋಪ್ರೀನ್ ಎಂಬ ಕೃತಕ ರಬ್ಬರನ್ನೂ 1935ರ ಫೆಬ್ರವರಿಯಲ್ಲಿ ನೈಲಾನ್ 66ನ್ನೂ ತಯಾರಿಸಿತು. ಎರಡು ಮೂಲವಸ್ತುಗಳಲ್ಲಿ ಆರಾರು ಇಂಗಾಲದ ಪರಮಾಣುಗಳಿರುವುದರಿಂದ ಆ ಸಂಖ್ಯೆ. ತೀವ್ರ ಖಿನ್ನತೆಯಿಂದ ಬಳಲುತ್ತಿದ್ದ ಕರೋಥರ್ಸ್ 1937ರ ಏಪ್ರಿಲ್‌ನಲ್ಲಿ, 41ನೆಯ ವಯಸ್ಸಿನಲ್ಲಿ, ಆತ್ಮಹತ್ಯೆ ಮಾಡಿಕೊಂಡ. ನೈಲಾನನ್ನು ಜಗತ್ತಿಗೆ ಪ್ರಕಟಿಸಿದ್ದು ಮರುವರ್ಷ. ಅವನ ಕೈಕೆಳಗೆ ಕೆಲಸ ಆರಂಭಿಸಿದ ಪಾಲ್ ಫ್ಲೋರಿ ಈ ವಿಷಯಕ್ಕೆ ಗಣಿತದ ತಳಹದಿ ಹಾಕಿ 1974ರಲ್ಲಿ ನೊಬೆಲ್ ಪಡೆದ.

1933ರಲ್ಲಿ ಇಂಗ್ಲೆಂಡಿನ ಫಾಸೆಟ್ ಮತ್ತು ಗಿಬ್ಸನ್ ಅಧಿಕ ಒತ್ತಡದ ಪ್ರಯೋಗವೊಂದರಲ್ಲಿ ಆಕಸ್ಮಿಕವಾಗಿ ಪಾಲಿಥೀನ್ ಪಡೆದರು. 1953ರಲ್ಲಿ ಝೀಗ್ಲರ್ ಕಡಿಮೆ ಒತ್ತಡದಲ್ಲೇ ಅದನ್ನು ಮಾಡುವ ವೇಗವರ್ಧಕವನ್ನು ಕಂಡುಹಿಡಿದ. ಇಟಲಿಯ ನಾಟ್ಟಾ ಅದನ್ನು ಪಾಲಿಪ್ರೊಪಿಲೀನ್‌ಗೆ ಅನ್ವಯಿಸಿದ. ಇಬ್ಬರೂ 1963ರ ನೊಬೆಲ್ ಹಂಚಿಕೊಂಡರು.

ಭಾರತದಲ್ಲಿ ಕಲ್ಕತ್ತೆಯ ಸಂತಿ ರಂಜನ್ ಪಾಲಿತ್ ಮತ್ತು ಮದರಾಸಿನ ಎಂ. ಸಂತಪ್ಪ ಆರಂಭದ ಪಾಲಿಮರ್ ಸಂಶೋಧಕರಲ್ಲಿ ಪ್ರಮುಖರು. ಜಿ. ಎನ್. ರಾಮಚಂದ್ರನ್ ಅವರು ಗೋಪಿನಾಥ್ ಕರ್ತಾ ಅವರೊಂದಿಗೆ 1954ರಲ್ಲಿ, ಕೊಲಾಜೆನ್ ಮೂರೆಳೆಯ ಜಡೆಯಂತಹ ರಚನೆಯುಳ್ಳದ್ದೆಂದು ಸೂಚಿಸಿದರು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನ ವಿಭಾಗವನ್ನು ಸ್ಥಾಪಿಸಿದರು.

ಭದ್ರಾ ತೀರದ ಉದ್ಯಮಗಳು

ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು. ಅದರ ಮಲೆನಾಡಿನ ಕಾಡುಗಳೂ ಶಿವಮೊಗ್ಗದ ಕಾಡುಗಳೂ 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಮೈಸೂರು ಕಬ್ಬಿಣದ ಕಾರ್ಖಾನೆಗೆ ಸೌದೆ ಒದಗಿಸಿದವು. ಅದಿರು ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ತರೀಕೆರೆ–ನರಸಿಂಹರಾಜಪುರ ನಡುವಿನ ಕಿರುರೈಲು ಮರ ಸಾಗಿಸುತ್ತಿತ್ತು. ಕಲ್ಲಿದ್ದಲು ಇಲ್ಲದ ಸಂಸ್ಥಾನಕ್ಕೆ ಇದ್ದಿಲೇ ಗತಿಯಾಗಿದ್ದರಿಂದ ಮರವನ್ನು ಗಾಳಿಯಿಲ್ಲದೆ ಕಾಯಿಸುವ ದೊಡ್ಡ ಬಟ್ಟಿ ಸ್ಥಾವರವನ್ನು ಅಲ್ಲಿ ಕಟ್ಟಲಾಯಿತು. ಇದ್ದಿಲಿನ ಜೊತೆಗೆ ಮೆಥನಾಲ್, ಕ್ಯಾಲ್ಸಿಯಂ ಅಸಿಟೇಟ್ ಮತ್ತು ಟಾರು ಉಪೋತ್ಪನ್ನಗಳಾಗಿ ದೊರೆಯುತ್ತಿದ್ದವು.

ರಸಾಯನಶಾಸ್ತ್ರದ ದೃಷ್ಟಿಯಿಂದ ಇದು ಪಾಲಿಮರನ್ನು ಕಟ್ಟುವ ಕೆಲಸವಲ್ಲ, ಒಡೆಯುವ ಕೆಲಸ. ಮರದ ಸೆಲ್ಯುಲೋಸ್ ಮತ್ತು ಲಿಗ್ನಿನ್ ಸರಪಳಿಗಳು ಶಾಖಕ್ಕೆ ತುಂಡಾಗಿ ಸಣ್ಣ ಅಣುಗಳಾಗುತ್ತವೆ. ಬೇಕಲೈಟಿಗೆ ಬೇಕಾದ ಫಾರ್ಮಾಲ್ಡಿಹೈಡ್ ತಯಾರಾಗುತ್ತಿದ್ದುದು ಇಂತಹ ಮರದ ಮೆಥನಾಲ್‌ನಿಂದಲೇ. ಆದರೆ 1923ರಲ್ಲಿಯೇ ಜರ್ಮನಿಯ ಬಿಎಎಸ್ಎಫ್ ಕಂಪನಿ ಅನಿಲಗಳಿಂದ ಕೃತಕ ಮೆಥನಾಲ್ ತಯಾರಿಸತೊಡಗಿತು. ಮರದ ಬಟ್ಟಿಯ ಉದ್ಯಮ ಜಗತ್ತಿನಾದ್ಯಂತ ಸೊರಗಲು ಇದು ಮುಖ್ಯ ಕಾರಣವಾಯಿತು. ಭದ್ರಾವತಿಯ ಸ್ಥಾವರ ಕೆಲಸ ಆರಂಭಿಸಿದ್ದೂ ಅದೇ ಹೊತ್ತಿನಲ್ಲಿ.

1936ರಲ್ಲಿ ಅದೇ ಊರಿನಲ್ಲಿ ಮೈಸೂರು ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು. ಬಿದಿರಿನ ಲಿಗ್ನಿನ್ನನ್ನು ಕರಗಿಸಿ ತೆಗೆದು ಸೆಲ್ಯುಲೋಸನ್ನು ಉಳಿಸಿಕೊಳ್ಳುವುದು ಕಾಗದ ತಯಾರಿಕೆಯ ತಿರುಳು. 2015ರ ನಂತರ ಅಲ್ಲಿ ಉತ್ಪಾದನೆ ನಿಂತಿದೆ.

ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಮುಂದೆ ಹರಿಯುವ ದಾರಿಯಲ್ಲಿ, ಹರಿಹರದ ಎದುರಿನ ಕುಮಾರಪಟ್ಟಣದಲ್ಲಿ 1972ರಿಂದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ರೇಯಾನಿಗೆ ಬೇಕಾದ ತಿರುಳನ್ನು ತಯಾರಿಸುತ್ತಿದೆ. ಅದರ ತ್ಯಾಜ್ಯನೀರಿನ ವಿರುದ್ಧ ನದೀತೀರದ ಜನರು 1980ರ ದಶಕದಲ್ಲಿ ಹೋರಾಡಿದರು. ಅದಕ್ಕೆ ನೀಲಗಿರಿ ಮರ ಒದಗಿಸಲು 1984ರಲ್ಲಿ ಸರ್ಕಾರದ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಸ್ಥಾಪನೆಯಾಗಿ, ಸುಮಾರು 30,000 ಹೆಕ್ಟೇರ್ ಭೂಮಿಯನ್ನು ಅದಕ್ಕೆ ಕೊಡುವ ಒಪ್ಪಂದವಾಯಿತು. ಊರಿನವರು ದನ ಮೇಯಿಸುತ್ತಿದ್ದ, ಸೌದೆ ತರುತ್ತಿದ್ದ ಜಾಗಗಳವು. ಸಮಾಜ ಪರಿವರ್ತನ ಸಮುದಾಯ ವಿರೋಧಕ್ಕಿಳಿಯಿತು. ಶಿವರಾಮ ಕಾರಂತರು ಮತ್ತಿತರರು ಸುಪ್ರೀಂ ಕೋರ್ಟಿನ ಮೊರೆಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹದಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಇಂದಿನ ಬಳಕೆ

ಇಂದು ಈ ಸೀಮೆಯ ತೆಂಗು, ಅಡಿಕೆ ತೋಟಗಳ ಹನಿ ನೀರಾವರಿಯ ಕಪ್ಪು ಕೊಳವೆಗಳು ಪಾಲಿಥೀನಿನವು. ಬಿಸಿಲಿನ ಅತಿನೇರಳೆ ಕಿರಣಗಳು ಸರಪಳಿಯನ್ನು ಕತ್ತರಿಸದಂತೆ ಬೆರೆಸಿದ ಇಂಗಾಲದ ಪುಡಿಯಿಂದ ಆ ಕಪ್ಪುಬಣ್ಣ ಬಂದಿದೆ. ಅಜ್ಜಂಪುರದ ಬಳಿಯ ಸುರಂಗದ ಮೂಲಕ ನೀರು ಹರಿಸುವ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಸುಮಾರು 2.25 ಲಕ್ಷ ಹೆಕ್ಟೇರ್ ಜಮೀನಿಗೆ ಸೂಕ್ಷ್ಮ ನೀರಾವರಿ ಒದಗಿಸುವ ಉದ್ದೇಶವಿದೆ. ಸೆಲ್ಯುಲೋಸಿನ ಕೊಂಡಿಗಳನ್ನು ಬಿಡಿಸುವ ಕಿಣ್ವಗಳು ಮಣ್ಣಿನ ಶಿಲೀಂಧ್ರಗಳಲ್ಲೂ ಬ್ಯಾಕ್ಟೀರಿಯಗಳಲ್ಲೂ ಇರುವುದರಿಂದ ತೆಂಗಿನ ಹಗ್ಗ ಕೆಲವು ವರ್ಷಗಳಲ್ಲಿ ಕೊಳೆಯುತ್ತದೆ. ಪಾಲಿಥೀನಿನ ಇಂಗಾಲ–ಇಂಗಾಲ ಬಂಧಗಳು ಅವುಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಬಳಸಿ ಬಿಸಾಡಿದ ಕೊಳವೆಯ ತುಂಡುಗಳು ತೋಟದ ಮಣ್ಣಿನಲ್ಲಿ ಹಾಗೆಯೇ ಉಳಿಯುತ್ತವೆ.